ಆರು ಅಂಕಿಯ ನೆನಪು, ಆರದ ಹೊಟ್ಟೆಕಿಚ್ಚು

ಶಿಗ್ಗಾಂವಿಯ ಕಾಲೇಜಿನಲ್ಲಿ ನಾನು ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತೇನೆ. ಬಾಜೂ ಕೋಣೆಯಲ್ಲಿ ಸವಣೂರಿನಿಂದ ಬರುವ ಹೊಸ ಮೇಡಂ ಅದೇ ಪಾಠವನ್ನು ಇನ್ನೊಂದು ತರಗತಿಗೆ ಹೇಳುತ್ತಾರೆ. ನಡುವೆ ಒಂದೇ ಗೋಡೆ. ಅಂದಮೇಲೆ ಇಂಥವು ಆಗದೆ ಇರುತ್ತವೆಯೇ?

ಅಜ್ಜಿಯ ನೆನಪು

ದಶಾಂಶ ಸಂಖ್ಯೆ ಇಡುವ ಫ್ಲೋಟ್‌ನಲ್ಲಿ ಆರು ಅಂಕಿಯವರೆಗೆ ಭರವಸೆ, ಆಮೇಲಿನದು ಹೇಳಲು ಬಾರದು. ಇದನ್ನು ನಾನು ಬೋರ್ಡ್ ತುಂಬ ಬರೆದು ವಿವರಿಸಿದೆ. ಹುಡುಗರು ಆಕಳಿಸಿದರು. ಅಷ್ಟರಲ್ಲಿ ಗೋಡೆಯಾಚೆಯಿಂದ ನಗು. ಮೇಡಂ ಏನು ಹೇಳಿದರೆಂದು ಆಮೇಲೆ ಒಬ್ಬನನ್ನು ಹಿಡಿದು ಕೇಳಿದೆ.

"ಫ್ಲೋಟ್ ಅಂದ್ರ ಅಜ್ಜಿ ಇದ್ದಂಗಂತರಿ. ಆರು ಮೊಮ್ಮಕ್ಕಳ ಹೆಸರು ನೆಟ್ಟಗ ಹೇಳ್ತಾಳ. ಏಳನೇದಕ್ಕ ಬಾಯಿಗೆ ಬಂದಿದ್ದು ಕರೀತಾಳ."

ಉದಾಹರಣೆ ತಪ್ಪಿದ್ದರೆ ಸಮಾಧಾನವಾಗುತ್ತಿತ್ತು. ನಮ್ಮ ಮನೆಯಲ್ಲಿ ನಾನೇ ಏಳನೆಯ ಮೊಮ್ಮಗ. ನಮ್ಮಜ್ಜಿ ಕಡೆತನಕ ನನ್ನನ್ನು ಎಮ್ಮೆಯ ಹೆಸರಿನಿಂದಲೇ ಕರೆದಳು.

ಹೊಗಳಿಕೆ

ನಮ್ಮ ಪ್ರಾಂಶುಪಾಲರು ಕನ್ನಡ ಪಾಠ ಹೇಳುವವರು, ಕಂಪ್ಯೂಟರಿನವರಲ್ಲ. ಅವರೂ ಒಂದು ದಿನ ಮೇಡಂ ಪಾಠಕ್ಕೆ ಹೋಗಿ ಕುಳಿತರು, ಸಭೆಯಲ್ಲಿ ಬಾಯ್ತುಂಬ ಹೊಗಳಿದರು. ನನ್ನ ಹೊಟ್ಟೆ ಉರಿಯಿತು. ಅವರ ಕೋಣೆಗೆ ಹೋಗಿ, ಇಷ್ಟು ವರ್ಷ ದುಡಿದವನಿಗೆ ಒಂದು ಒಳ್ಳೆ ಮಾತಿಲ್ಲವಲ್ಲ ಎಂದೆ. ಅವರು ಕುರ್ಚಿ ತೋರಿಸಿ ಸಮಾಧಾನ ಮಾಡಿದರು.

"ಮೇಡಂ ಹೇಳ್ಯಾರ್ರಿ, ಫ್ಲೋಟ್‌ನಾಗ ಹತ್ತು ಕೋಟಿಗೆ ಒಂದು ಕೂಡಿಸಿದ್ರ ಹತ್ತು ಕೋಟೀನ ಉಳೀತೈತಿ ಅಂತ. ನೀವು ದೊಡ್ಡವರು. ನಾ ಹೊಗಳಿದ್ರ ಏನು ಹೆಚ್ಚಾಗ್ತೀರಿ?"

ಎಪ್ಸಿಲಾನ್

ಕಡೆಗೆ ನಾನೂ ಉದಾಹರಣೆಗೆ ಇಳಿದೆ. ಒಂದಕ್ಕೆ ಸಣ್ಣ ಭಾಗವೊಂದನ್ನು ಕೂಡಿಸಿ, ಆ ಭಾಗವನ್ನು ಅರ್ಧ ಅರ್ಧ ಮಾಡುತ್ತ ಹೋದರೆ, ಒಂದು ಹಂತದ ನಂತರ ಕೂಡಿಸಿದ್ದೇ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಆ ಗಡಿಗೆ ಎಪ್ಸಿಲಾನ್ ಎನ್ನುತ್ತಾರೆ. ಹಾಲಿಗೆ ನೀರು ಹಾಕಿದ ಹಾಗೆ, ಎಲ್ಲಿತನಕ ಕುಡಿಯುವವನಿಗೆ ತಿಳಿಯುವುದಿಲ್ಲವೋ ಅದೇ ಗಡಿ ಎಂದೆ. ನನ್ನ ತರಗತಿ ಮೊದಲ ಸಲ ನಕ್ಕಿತು. ಮೇಡಂ ಬಾಗಿಲಿಗೆ ಬಂದು ಇಣುಕಿದರು. ಆ ದಿನ ಊಟ ರುಚಿಸಿತು.

ಮರುದಿನ ದುಂಡಸಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಮುಖದಲ್ಲಿ ನಗುವಿರಲಿಲ್ಲ.

"ಸರ್, ನಿಮ್ಮ ಮನಿಗೆ ಹಾಲು ಹಾಕೋದು ನಮ್ಮಪ್ಪರಿ. ನಿನ್ನೆ ನೀವು ಹೇಳಿದ್ದು ಮನ್ಯಾಗ ಹೇಳಿದೆ. ಸರ್‌ಗೆ ಯಾವತ್ತು ಗೊತ್ತಾತು, ಕೇಳ್ಕೊಂಡು ಬಾ ಅಂದಾರ್ರಿ."