ಗುಂಡಿ ಒತ್ತಿದರೆ ಕಳಚಿಬರುವ ಸ್ಟೀರಿಂಗ್ ಮಾಡಿದವರಿಗೆ

ಮಾನ್ಯರೇ,

ಕಾರಿನ ಸ್ಟೀರಿಂಗನ್ನು ಡಬ್ಬದ ಮುಚ್ಚಳ ತೆಗೆದಷ್ಟು ಸಲೀಸಾಗಿ, ಒಂದೇ ಗುಂಡಿ ಒತ್ತಿ ಕಳಚಿ ಕೈಗೆ ತೆಗೆದುಕೊಳ್ಳುವ ಸಾಧನವನ್ನು ತಯಾರಿಸಿ ಲೋಕೋಪಕಾರ ಮಾಡುತ್ತಿರುವ ತಮ್ಮ ಸಂಸ್ಥೆಗೂ, ಅದರ ಹದಿನಾಲ್ಕು ಪುಟಗಳ ಕೈಪಿಡಿ ಬರೆದ ಪುಣ್ಯಾತ್ಮರಿಗೂ, ಮೂವತ್ತೊಂದು ವರ್ಷ ಡ್ರೈವಿಂಗ್ ಶಾಲೆ ನಡೆಸಿ ಶಿಷ್ಯರ ಬಾಯಲ್ಲಿ ‘ಕ್ಲಚ್ ಮೇಷ್ಟ್ರು’ ಎನಿಸಿಕೊಂಡ ನನ್ನ ಸಾದರ ನಮಸ್ಕಾರಗಳು. ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ; ಆದರೆ ಈಚೆಗೆ ನಡೆದುಕೊಂಡೇ ಓಡಾಡುತ್ತಿದ್ದೇನೆ.

ತಮ್ಮ ಸಾಧನ ನಮ್ಮ ಮನೆಗೆ ದಯಮಾಡಿಸಿದ್ದು ಅಳಿಯನ ಕೃಪೆಯಿಂದ. ಕಳೆದ ತಿಂಗಳು ನಾನು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ನಮ್ಮದೇ ಗೇಟಿನ ಕಂಬ ಬಂದು ಅದಕ್ಕೆ ತಾಗಿತು. ಅದರ ಹಿಂದಿನ ವಾರ ಔಷಧಿ ಅಂಗಡಿಯ ಮುಂದಿನ ಬೆಂಚು ಕೂಡ ಇಂಥದೇ ಅವಿವೇಕ ಮಾಡಿತ್ತು. ಮನೆಯಲ್ಲಿ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಎರಡು ದಿನ ಬಿಟ್ಟು ಅಳಿಯ ಒಂದು ಪೊಟ್ಟಣ ತಂದು, “ಮಾವ, ಪಕ್ಕದ ಬೀದೀಲಿ ಎರಡು ಕಾರು ಕಳುವಾಯ್ತಂತೆ. ಸ್ಟೀರಿಂಗೇ ಇಲ್ದಿದ್ರೆ ಕಳ್ಳ ತಾನೇ ಏನ್ ಮಾಡ್ತಾನೆ ಹೇಳಿ” ಎಂದ. ಅವನ ಕಾಳಜಿಗೆ ನನ್ನ ಕಣ್ಣು ಒದ್ದೆಯಾಯಿತು.

ಕಂಪನಿಯವರೇ ಕೂರಿಸಿದ ಸ್ಟೀರಿಂಗಿನ ಕಂಬಿಗೆ ಇದನ್ನು ಜೋಡಿಸಲು ಮೆಕ್ಯಾನಿಕ್‌ನನ್ನು ಕರೆಸೋಣವೇ ಎಂದು ಮಗಳು ಕೇಳಿದಾಗ ನಾನು ನಕ್ಕುಬಿಟ್ಟೆ. ಏರ್‌ಬ್ಯಾಗ್ ಇಲ್ಲದ ಹಳೆಯ ಕಾರು, ಅದಕ್ಕೇನು ಮಹಾ? ಬ್ಯಾಟರಿಯ ವೈರು ಬಿಚ್ಚಿ, ಮುಂದಿನ ಗಾಲಿಗಳನ್ನು ನೇರ ನಿಲ್ಲಿಸಿ, ಹಾರ್ನಿನ ಮುಚ್ಚಳ ಕಿತ್ತು, ನಡುವಿನ ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸಿಕೊಂಡು (ಪೂರ್ತಿ ತೆಗೆದು ಎಳೆದವನ ಮೂಗಿಗೆ ಸ್ಟೀರಿಂಗ್ ಬಡಿಯುತ್ತದೆ, ಕೈಪಿಡಿಯಲ್ಲಿ ಇದು ಬಿಟ್ಟುಹೋಗಿದೆ), ನೇರ ಇರುವ ಜಾಗಕ್ಕೆ ಬಿಳಿ ಬಣ್ಣದ ಗುರುತು ಹಾಕಿ, ಸ್ಟೀರಿಂಗನ್ನು ಎಳೆದು ಸಡಿಲಿಸಿ ಹೊರತೆಗೆದು, ಹಲ್ಲಿಗೆ ಹಲ್ಲು ಕೂರುವಂತೆ ತಮ್ಮ ಸಾಧನವನ್ನು ಇಳಿಸಿ ಬಿಗಿದೆ. ಸ್ಟೀರಿಂಗ್ ಟಕ್ಕೆಂದು ಕೂತಿತು. ಹನ್ನೊಂದನೇ ಪುಟದ ಅಪ್ಪಣೆಯಂತೆ ಜೋರಾಗಿ ಎಳೆದು ನೋಡಿದೆ, ಅಲುಗಲಿಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಬಂದು, “ರೀ, ತೆಗೆಯೋದು ಹೇಗೆ ಅಂತ ಒಂದ್ಸಲ ತೋರಿಸಿ” ಎಂದಳು. ನನ್ನ ಕಸುಬಿನ ಬಗ್ಗೆ ಇಷ್ಟು ವರ್ಷಗಳಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಹಿಗ್ಗಿನಿಂದ ಮೂರು ಸಲ ತೋರಿಸಿಕೊಟ್ಟೆ.

ಮರುದಿನ ಬೆಳಿಗ್ಗೆ ಕಾರು ಇತ್ತು, ಸ್ಟೀರಿಂಗ್ ಇರಲಿಲ್ಲ. ಹೆಂಡತಿಯನ್ನು ಕೇಳಿದರೆ “ಇಲ್ಲೇ ಎಲ್ಲೋ ಇರ್ಬೇಕು ನೋಡಿ” ಎಂದಳು; ಮಗಳು “ಅಪ್ಪಾ, ಇವತ್ತು ಬಿಸಿಲು ಜಾಸ್ತಿ, ನಾಳೆ ಹೋದ್ರಾಯ್ತು” ಎಂದಳು; ಅಳಿಯ ಉತ್ತರಿಸುವ ಮೊದಲೇ ಸ್ನಾನಕ್ಕೆ ಹೋದ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಇಂದಿಗೂ ಚರ್ಚಿಸುತ್ತಿವೆಯಂತೆ. ನಮ್ಮ ಮನೆಯವರು ಬೆಕ್ಕಿನ ಕೈಯಲ್ಲೇ ಸ್ಪ್ಯಾನರ್ ಕೊಟ್ಟು ಕಟ್ಟಿಸಿದರು. ಇಂಥ ಮಹತ್ಕಾರ್ಯಕ್ಕೆ ನೆರವಾದ ತಮ್ಮ ಸಂಸ್ಥೆಯನ್ನು ಎಷ್ಟು ಹೊಗಳಿದರೂ ಸಾಲದು.

ಆದರೂ ಒಂದು ವಿನಂತಿಯಿದೆ. ಸ್ಟೀರಿಂಗಿಗೆ ಮಾಡಿದಂತೆಯೇ ನಾಲಿಗೆಗೂ ಇಂಥದೊಂದು ಸಾಧನವನ್ನು ತಾವು ದಯವಿಟ್ಟು ತಯಾರಿಸಬೇಕು. ಗಂಟಲಲ್ಲಿ ಸಿಕ್ಕಿಕೊಂಡ ಮಾತು ಗುಂಡಿ ಒತ್ತಿದ ಕೂಡಲೇ ಕಳಚಿ ಹೊರಬರುವಂತಿರಬೇಕು. ನಮ್ಮ ಮನೆಗೆ ಸದ್ಯಕ್ಕೆ ಮೂರು ಬೇಕಾಗುತ್ತವೆ. “ನೀವು ಇನ್ನು ಕಾರು ಓಡಿಸಬೇಡಿ” ಎಂಬುದು ನಾಲ್ಕೇ ಪದಗಳ ವಾಕ್ಯ. ಅದನ್ನು ಹೇಳಲಾಗದೆ ಮೂವರು ಓದುಬರಹ ಬಲ್ಲವರು ಕಳ್ಳರ ಕಥೆ ಕಟ್ಟಬೇಕಾಯಿತು.

ಮೂರಲ್ಲ, ನಾಲ್ಕು ಬೇಕು. ಏಕೆಂದರೆ ಐದನೆಯ ದಿನ, ಎಲ್ಲರೂ ಹೊರಗೆ ಹೋಗಿದ್ದಾಗ, ಕಪಾಟಿನ ಮೇಲೆ ದಿಂಬಿನ ಚೀಲದೊಳಗೆ ಅದು ನನಗೆ ಸಿಕ್ಕಿತು. ಹೋಗಿ ಕಾರಲ್ಲಿ ಕೂತು ಟಕ್ಕೆನಿಸಿದೆ. ಕೀ ತಿರುಗಿಸುವ ಮೊದಲು, ಶಿಷ್ಯರಿಗೆಲ್ಲ ಮೊದಲ ದಿನ ಮಾಡಿಸುತ್ತಿದ್ದಂತೆ, ಎದುರು ನಿಂತಿದ್ದ ಹಾಲಿನ ವ್ಯಾನಿನ ನಂಬರು ಓದಲು ಹೋದೆ. ಇಪ್ಪತ್ತು ಹೆಜ್ಜೆ ದೂರ. ನಂಬರಿನ ಮಾತು ಬಿಡಿ, ವ್ಯಾನು ನನ್ನತ್ತ ಮುಖ ಮಾಡಿದೆಯೋ ಬೆನ್ನು ಮಾಡಿದೆಯೋ ತಿಳಿಯಲಿಲ್ಲ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಇದೇ ಪರೀಕ್ಷೆಯಲ್ಲಿ ನಪಾಸಾದ ಎಷ್ಟೋ ಜನರನ್ನು ನಾನು ಮುಲಾಜಿಲ್ಲದೆ ಮನೆಗೆ ಕಳಿಸಿದ್ದೇನೆ. ಅವತ್ತು ಗೇಟಿನ ಕಂಬದ ಜಾಗದಲ್ಲಿ ಯಾರಾದರೂ ನಿಂತಿದ್ದರೆ ಏನು ಗತಿ ಎಂದು ನೆನೆದು, ಮಾನ್ಯರೇ, ನನಗೆ ನಿಜವಾಗಿ ಭಯವಾಯಿತು. ಗುಂಡಿ ಒತ್ತಿದೆ. ಸ್ಟೀರಿಂಗನ್ನು ಚೀಲಕ್ಕೆ ಹಾಕಿ ಮೊದಲಿದ್ದಂತೆಯೇ ಇಟ್ಟುಬಿಟ್ಟೆ. ಈಗಲೂ ದಿನಾ ಬೆಳಿಗ್ಗೆ “ಸ್ಟೀರಿಂಗ್ ಎಲ್ಲಿ?” ಎಂದು ಗದರುತ್ತಾ, ಕಪಾಟಿನ ಮೇಲೊಂದು ಬಿಟ್ಟು, ಮನೆಯೆಲ್ಲ ಹುಡುಕುತ್ತೇನೆ. ಅವರು ಹೇಳಲಾರರು, ನಾನು ಹೇಳಲಾರೆ.

ಇಂತಿ,
ತಮ್ಮ ವಿಶ್ವಾಸಿ,
ಕ್ಲಚ್ ಮೇಷ್ಟ್ರು

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕೆಂದು ನನ್ನ ಹೆಂಡತಿಯ ಕೈಗೇ ಕೊಡುತ್ತಿದ್ದೇನೆ, ಲಕೋಟೆ ಅಂಟಿಸಿಲ್ಲ. ತಮಗೆ ತಲುಪದಿದ್ದರೆ ದಯವಿಟ್ಟು ಬೇಸರಿಸಬೇಡಿ, ಇದು ನೇರವಾಗಿ ತಮಗೆ ಬರೆದದ್ದೂ ಅಲ್ಲ.