ಐದನೆಯ ವೃತ್ತಕ್ಕೆ ಆಧಾರ

ಪಂಪಿನ ಕಂಟ್ರೋಲ್ ಪೆಟ್ಟಿಗೆಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಬರೆಯುವ ಮೊದಲು ನಕ್ಷೆ ಹಾಕಬೇಕು: ಪಂಪಿನ ಒಂದೊಂದು ಸ್ಥಿತಿಗೆ ಒಂದೊಂದು ವೃತ್ತ, ಒಂದೊಂದು ವೃತ್ತಕ್ಕೂ ಕಾರಣ. ಪಂಪು ಸುಟ್ಟರೆ ರಿಪೇರಿ ಉಂಟು, ಈ ಕಾರಣ ಕೊಡುವ ಕೆಲಸದಲ್ಲಿ ಸುಟ್ಟವನಿಗೆ ಇಲ್ಲ.

ಅಪಶಕುನ

ನಿಂತಿದೆ, ಓಡುತ್ತಿದೆ, ನೀರಿಲ್ಲ, ಕೆಟ್ಟಿದೆ. ನಾಲ್ಕು ವೃತ್ತ ಹಾಕಿ ಮೂಡುಬಿದಿರೆಯ ನಮ್ಮ ಕಂಪೆನಿಯ ಧಣಿಗಳಿಗೆ ತೋರಿಸಿದೆ.

"ಕೆಟ್ಟಿದೆ ಅಂತ ಯಾಕೆ ಬರೆದದ್ದು?"

"ಕೆಟ್ಟರೆ ಏನು ಮಾಡಬೇಕೆಂದು ಪೆಟ್ಟಿಗೆಗೆ ಗೊತ್ತಿರಬೇಕಲ್ಲ ಸರ್."

"ಮಾರಾಯ್ರೆ, ಹೊಸ ಮಾಲು. ಈಗಲೇ ಅಪಶಕುನ ನುಡಿಯಬೇಡಿ."

ಅರ್ಧ ದಿನ ವಾದಿಸಿ ಸೋತೆ. ಈಗ ನಮ್ಮಲ್ಲಿ ಹೊಗೆ ಬರುವ ಮೋಟಾರಿನ ಸ್ಥಿತಿಗೆ 'ವಿಶ್ರಾಂತಿ' ಎಂದು ಹೆಸರು.

ಹತ್ತು ಚಹಾ

ನಕ್ಷೆ ಪರಿಶೀಲಿಸಲು ಧಣಿಗಳು ಒಬ್ಬ ಕಾಲೇಜು ಮೇಷ್ಟ್ರನ್ನು ಹಿಡಿದಿದ್ದರು. "ಬಾವಿ ಬತ್ತಿದರೆ ಅರ್ಧ ಗಂಟೆ ಕಾಯುವುದು ಎಂದಿದ್ದೀರಿ. ಆಧಾರ?"

ಆಧಾರ ಮಡಂತ್ಯಾರಿನ ಒಬ್ಬ ಕೃಷಿಕರು. "ಪೇಟೆಗೆ ಹೋಗಿ ಚಾ ಕುಡಿದು ಬಂದರೆ ನೀರು ಉಂಟು" ಎಂದಿದ್ದರು. ಜೊತೆಗೆ ಹೋಗಿ ಗಡಿಯಾರ ನೋಡಿದ್ದೆ.

"ಒಂದೇ ಸಲವಾ? ಹತ್ತು ಸಲ ಅಳೆಯಿರಿ."

ಅಳೆದೆ. ಅರ್ಧ ಗಂಟೆ ಅರ್ಧ ಗಂಟೆಯಾಗಿಯೇ ಉಳಿಯಿತು. ನನಗೆ ಮಾತ್ರ ಗ್ಯಾಸ್ಟ್ರಿಕ್ ಖಾಯಂ ಆಯಿತು.

ಒಂದೂ ದೂರಿಲ್ಲ

ಕೊನೆಗೆ ಬೇಸಿಗೆಯಲ್ಲಿ ಬೆಳ್ತಂಗಡಿಯ ಒಂದು ಮನೆಗೆ ಪರೀಕ್ಷೆಗೆಂದು ಪೆಟ್ಟಿಗೆ ಜೋಡಿಸಿದೆವು. "ಇದು ಸೋತರೆ ನೀವು ಬೇರೆ ಕೆಲಸ ನೋಡಿಕೊಳ್ಳಿ" ಎಂದು ಧಣಿಗಳು ಮೊದಲೇ ಹೇಳಿದ್ದರು. ಎರಡು ತಿಂಗಳು ದಿನಾ ಫೋನ್ ಮಾಡಿದೆ. ಮನೆಯ ಅಮ್ಮನದು ಒಂದೇ ಉತ್ತರ: "ಏನೂ ತೊಂದರೆ ಇಲ್ಲ." ನನ್ನ ನಾಲ್ಕೂ ವೃತ್ತ ಸರಿ ಎನ್ನುವುದಕ್ಕೆ ಇದೇ ಆಧಾರವೆಂದು ಇಪ್ಪತ್ತು ಪುಟ ವರದಿ ಬರೆದೆ. ಫೋಟೋ ತೆಗೆಯಲು ಹೋದರೆ ಗೋಡೆಯಲ್ಲಿ ಬರೀ ಮೊಳೆ.

"ಪೆಟ್ಟಿಗೆ ಎಲ್ಲಿ ಅಮ್ಮ?"

"ನೀವು ಇಟ್ಟು ಹೋದ ಮರುದಿನವೇ ಗುಡುಗು ಬಂತಲ್ಲ. ಟಿವಿ ವಯರನ್ನೇ ನಾವು ಗುಡುಗಿಗೆ ಬಿಡುವುದಿಲ್ಲ. ಬಿಚ್ಚಿಸಿ ಕಪಾಟಿನಲ್ಲಿ ಇಟ್ಟಿದ್ದೇನೆ, ಸೀರೆಯಲ್ಲಿ ಸುತ್ತಿ."

"ಪಂಪು?"

"ನಾನೇ ಸ್ವಿಚ್ ಹಾಕ್ತೇನೆ, ಮೊದಲಿನ ಹಾಗೆ."

"ಮತ್ತೆ ತೊಂದರೆ ಇಲ್ಲ ಎಂದಿರಲ್ಲ!"

"ತೊಂದರೆ ಎಂಥದ್ದು? ಕಪಾಟಿಗೆ ಇಲಿ ಸಹ ಹೋಗುವುದಿಲ್ಲ."

ಕೆಲಸ ಹೋಯಿತೆಂದುಕೊಂಡೇ ಧಣಿಗಳಿಗೂ ಮೇಷ್ಟ್ರಿಗೂ ಎಲ್ಲ ಹೇಳಿದೆ.

"ಗುಡುಗಿಗೆ ಮತ್ತೆ ಪೆಟ್ಟಿಗೆಯನ್ನು ಹೊರಗೆ ಇಡುವುದುಂಟಾ?" ಎಂದರು ಧಣಿಗಳು. "ಇನ್ನೊಂದು ವೃತ್ತ ಹಾಕಿ. ಕಪಾಟು."

"ಕಪಾಟಿನಿಂದ ಹೊರಗೆ ಬರುವುದು ಯಾವಾಗ?" ಎಂದು ಕೇಳಿದೆ.

"ದೀಪಾವಳಿ ಕಳೆದು ಗುಡುಗು ನಿಂತ ಮೇಲೆ" ಎಂದು ಮೇಷ್ಟ್ರು ಸಹಿ ಹಾಕಿದರು. ಇಡೀ ನಕ್ಷೆಯಲ್ಲಿ ಅವರು ಆಧಾರ ಕೇಳದೆ ಒಪ್ಪಿದ ವೃತ್ತ ಅದೊಂದೇ.