ಕೀಪ್ಯಾಡ್ ಫೋನಿಗೆ ಇಳಿದ ನೌಕರರನ್ನು ಹದ್ದುಬಸ್ತಿನಲ್ಲಿಡುವ ಕುರಿತು

ದೂರು ವಿಲೇವಾರಿ ಶಾಖೆ (ಚರಂಡಿ), ಯಲಹಂಕ

ಸಂಖ್ಯೆ: ದೂವಿಶಾ/ಚರಂಡಿ/ಕೀಫೋ/11/2025-26
ದಿನಾಂಕ: 04-06-2025

ಸುತ್ತೋಲೆ

ವಿಷಯ: ಸ್ಮಾರ್ಟ್‌ಫೋನ್ ತ್ಯಜಿಸಿ ಕೀಪ್ಯಾಡ್ ಫೋನ್ ಬಳಸಲಾರಂಭಿಸಿದ ನೌಕರರಿಂದ ಕಚೇರಿಯ ಶಿಸ್ತಿಗೆ ಆಗುತ್ತಿರುವ ಧಕ್ಕೆಯನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
1. ಪ್ರಥಮ ದರ್ಜೆ ಸಹಾಯಕ ಶ್ರೀ ಫಕೀರಪ್ಪ ಇವರ ಸಮಜಾಯಿಷಿ, ದಿನಾಂಕ 26-05-2025.
2. ಅಬ್ಬಿಗೆರೆ ನಿವಾಸಿ ಶ್ರೀಮತಿ ಗೌರಮ್ಮ ಇವರ ಚರಂಡಿ ದೂರು (ಈಗಾಗಲೇ ಹನ್ನೊಂದು ಬಾರಿ ಬಗೆಹರಿದಿರುವುದು).
3. ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶಾಖಾಧಿಕಾರಿಯವರ ದಿನಾಂಕ 27-05-2025ರ ಶುಭೋದಯ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ಶಾಖೆಯ ಶ್ರೀ ಫಕೀರಪ್ಪ ಎಂಬುವವರು ಕಳೆದ ಮಾರ್ಚ್ ತಿಂಗಳಿನಲ್ಲಿ, ಯಾರ ಅನುಮತಿಯನ್ನೂ ಪಡೆಯದೆ, ಸುಸ್ಥಿತಿಯಲ್ಲಿದ್ದ ತಮ್ಮ ಸ್ಮಾರ್ಟ್‌ಫೋನನ್ನು ಮಗಳಿಗೆ ಕೊಟ್ಟು ಯಶವಂತಪುರದ ಅಂಗಡಿಯೊಂದರಿಂದ ಕೀಪ್ಯಾಡ್ ಫೋನ್ ಖರೀದಿಸಿರುವುದು ಕಚೇರಿಯ ಗಮನಕ್ಕೆ ಬಂದಿರುತ್ತದೆ. ಕಾರಣ ಕೇಳಲಾಗಿ, "ತಲಿ ಹಗುರಾಗೈತ್ರಿ ಸಾಹೇಬ್ರ" ಎಂದು ತಿಳಿಸಿರುತ್ತಾರೆ. ನೌಕರನ ತಲೆ ಕಚೇರಿ ವೇಳೆಯಲ್ಲಿ ಹಗುರಾಗಲು ಯಾವ ನಿಯಮದಲ್ಲಿಯೂ ಅವಕಾಶವಿರುವುದಿಲ್ಲ. ಇದರಿಂದ ಶಾಖೆಗೆ ತೀವ್ರ ನೋವುಂಟಾಗಿದ್ದು, ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಫೋನ್ ಬದಲಾಯಿಸಿದ ದಿನದಿಂದ ಸದರಿಯವರ ಮೇಜಿನ ಮೇಲಿದ್ದ ಅರವತ್ತಮೂರು ಬಾಕಿ ಕಡತಗಳು ಎರಡಕ್ಕೆ ಇಳಿದಿರುತ್ತವೆ. ಉಳಿದ ಎರಡು ಶಾಖಾಧಿಕಾರಿಯವರ ಸಹಿಗೆ ಬಾಕಿ ಇವೆ. ಇತರೆ ಸಿಬ್ಬಂದಿಯ ಮೇಜುಗಳ ಕಡತಗಳನ್ನು ಎಣಿಸಲು ಸಮಿತಿಯೊಂದನ್ನು ರಚಿಸಬೇಕಾಗುವುದರಿಂದ ಹೋಲಿಕೆ ಮಾಡುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

2. ಗುಂಪಿನಲ್ಲಿ ಶಾಖಾಧಿಕಾರಿಯವರು ಏನೇ ಹಾಕಿದರೂ ಕೈಮುಗಿಯುವ ಚಿತ್ರ ಹಾಕುವುದು ವಾಡಿಕೆ. ಚಿತ್ರ ಹಾಕಲಾಗದ ಶ್ರೀ ಫಕೀರಪ್ಪನವರು ಪ್ರತಿದಿನ ಬೆಳಿಗ್ಗೆ ಹತ್ತು ಗಂಟೆಗೆ ಖುದ್ದು ಕೊಠಡಿಯ ಬಾಗಿಲಿಗೆ ಬಂದು, ನಿಜವಾದ ಕೈಗಳನ್ನು ಮುಗಿದು, ಆ ಎರಡು ಕಡತಗಳ ಬಗ್ಗೆ ವಿಚಾರಿಸುತ್ತಿದ್ದಾರೆ. ಇನ್ನು ಮುಂದೆ ಖುದ್ದು ನಮಸ್ಕಾರವನ್ನು ಮೌನವಾಗಿ ಸಲ್ಲಿಸಿದಲ್ಲಿ ಮಾತ್ರ ಅದು ಸಿಂಧುವಾಗತಕ್ಕದ್ದು.

3. ಮಾರ್ಚ್‌ನಿಂದ ಈವರೆಗೆ ಸದರಿಯವರು ನೋಡದೆ ಉಳಿಸಿಕೊಂಡಿರುವ 1,312 ಸಂದೇಶಗಳನ್ನು ಮುದ್ರಿಸಿ, ಟ್ಯಾಗ್ ಹಾಕಿ, ಕಡತವಾಗಿ ನೀಡಲಾಗುವುದು. ಓದಿದ ಪ್ರತಿ ಸಂದೇಶದ ಪಕ್ಕದಲ್ಲಿ ನೀಲಿ ಪೆನ್ಸಿಲ್‌ನಿಂದ ಎರಡು ಗೀಟು ಎಳೆಯತಕ್ಕದ್ದು. ಓದದೆ ಗೀಟು ಎಳೆಯುವ ಹಕ್ಕು ಸೇವಾ ಜ್ಯೇಷ್ಠತೆಯ ಮೇಲೆ ಮಾತ್ರ ಲಭಿಸುತ್ತದೆ. ವಿಡಿಯೋಗಳನ್ನು ಮುದ್ರಿಸಲು ಬಾರದ ಕಾರಣ, ಶಾಖಾಧಿಕಾರಿಯವರ ಮೊಮ್ಮಗಳ ಭರತನಾಟ್ಯವನ್ನು ಬೆರಳಚ್ಚುಗಾರ್ತಿ ಕು. ಚೈತ್ರ ಇವರು ಬಾಯಿಮಾತಿನಲ್ಲಿ ವಿವರಿಸತಕ್ಕದ್ದು. ವಿವರಣೆಯ ಕೊನೆಗೆ ಶ್ರೀ ಫಕೀರಪ್ಪನವರು "ಸೂಪರ್ ಸರ್" ಎಂದು ಬರೆದುಕೊಟ್ಟು, ಇಬ್ಬರು ಸಾಕ್ಷಿಗಳ ಸಹಿ ಪಡೆಯತಕ್ಕದ್ದು.

4. ಕೈಯಲ್ಲಿ ಏನೂ ಇಲ್ಲದೆ, ತಲೆ ಎತ್ತಿಕೊಂಡು ಕುಳಿತ ನೌಕರನನ್ನು ಕಂಡ ಸಾರ್ವಜನಿಕರು ನೇರವಾಗಿ ಅವರ ಮೇಜಿಗೇ ಬರುತ್ತಿದ್ದಾರೆ. ಇದು ಸಾರ್ವಜನಿಕರಲ್ಲಿ ತಪ್ಪು ಭರವಸೆಯನ್ನು ಮೂಡಿಸುತ್ತದೆ. ಆದ್ದರಿಂದ ಸ್ಮಾರ್ಟ್‌ಫೋನ್ ಅಳತೆಯ, ಕಪ್ಪು ಬಣ್ಣ ಬಳಿದ ಪ್ಲೈವುಡ್ ತುಂಡೊಂದನ್ನು ದಾಸ್ತಾನು ವಿಭಾಗದಿಂದ ಒದಗಿಸಲಾಗುವುದು. ಯಾರಾದರೂ ಅರ್ಜಿ ಹಿಡಿದು ಬಂದಾಗ ಅದನ್ನೇ ನೋಡುತ್ತಾ, ಹೆಬ್ಬೆರಳನ್ನು ಕೆಳಗಿನಿಂದ ಮೇಲಕ್ಕೆ ಆಡಿಸತಕ್ಕದ್ದು. ಮಧ್ಯೆ ಮಧ್ಯೆ ಸಣ್ಣಗೆ ನಗುವುದು ಅಪೇಕ್ಷಣೀಯ. ನಿವೃತ್ತಿಯ ದಿನ ತುಂಡನ್ನು ಹಿಂದಿರುಗಿಸತಕ್ಕದ್ದು.

5. ಇದೆಲ್ಲಕ್ಕಿಂತ ಗಂಭೀರವಾದದ್ದು ಉಲ್ಲೇಖ (2)ರ ಪ್ರಕರಣ. ಶ್ರೀಮತಿ ಗೌರಮ್ಮನವರ ಮನೆಗೆ ಚರಂಡಿ ನೀರು ನುಗ್ಗುತ್ತಿದೆ ಎಂಬ ದೂರಿನ ಮೇಲೆ ಈ ಶಾಖೆಯು ಎರಡು ವರ್ಷಗಳಲ್ಲಿ ಹನ್ನೊಂದು ಬಾರಿ ಸ್ಥಳ ಪರಿಶೀಲನೆ ನಡೆಸಿ, ಸ್ವಚ್ಛ ಚರಂಡಿಯ ಫೋಟೋವನ್ನು ಗುಂಪಿನಲ್ಲಿ ಹಾಕಿ, ಹನ್ನೊಂದು ಬಾರಿಯೂ ಕೈಮುಗಿಸಿಕೊಂಡು ದೂರನ್ನು ಮುಕ್ತಾಯಗೊಳಿಸಿದೆ. ಹನ್ನೆರಡನೆಯ ಬಾರಿ ಕಡತವು ಶ್ರೀ ಫಕೀರಪ್ಪನವರ ಮೇಜಿಗೆ ಹೋಗಿದ್ದು, ಅವರು ಫೋಟೋ ತೆರೆಯಲಾಗದೆ, ಬಸ್ಸು ಹತ್ತಿ, ದಾರಿಯಲ್ಲಿ ಸಿಕ್ಕಸಿಕ್ಕವರನ್ನು ವಿಳಾಸ ಕೇಳಿಕೊಂಡು ಅಬ್ಬಿಗೆರೆಗೆ ಹೋಗಿ, ಚರಂಡಿಯನ್ನು ಬರಿಗಣ್ಣಿನಿಂದ ನೋಡಿಬಿಟ್ಟಿರುತ್ತಾರೆ. ಮೇಲ್ಗಡೆ ಕಟ್ಟಡ ಕೆಡವಿದ ಕಲ್ಲುಮಣ್ಣನ್ನೆಲ್ಲ ಚರಂಡಿಗೇ ತುಂಬಿದ್ದಾರೆಂದು ವರದಿ ನೀಡಿರುತ್ತಾರೆ.

ಸಾಲದೆಂಬಂತೆ ದೂರುದಾರರ ಹೇಳಿಕೆಯನ್ನೂ ಬರೆದುಕೊಂಡು ಬಂದಿರುತ್ತಾರೆ: "ಬಗೆಹರಿದೈತೆ ಅಂತ ಮೆಸೇಜ್ ಬರ್ತದೆ ಕಣಪ್ಪ, ಅದ್ರ ಹಿಂದೇನೇ ನೀರೂ ಬರ್ತದೆ. ಬಂದು ನೋಡ್ರಪ್ಪ ಅಂತ ಎರಡು ವರ್ಷದಿಂದ ಬಡ್ಕೊಂಡೆ. ಇವತ್ತು ನೀನೊಬ್ಬ ಬಂದೆ. ಕೂತ್ಕೊ ಅನ್ನೋಣ ಅಂದ್ರೆ ಒಣಗಿರೋ ಜಾಗ ಇಲ್ಲ." ಕಚೇರಿಯ ಸಿಬ್ಬಂದಿಯನ್ನು ಏಕವಚನದಲ್ಲಿ ಸಂಬೋಧಿಸಿರುವುದನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುತ್ತಿದೆ.

6. ಸದರಿ ವರದಿಯ ನಂತರ ಮುದ್ರಿಸಿ ಕಡತಕ್ಕೆ ಸೇರಿಸಲಾದ ಫೋಟೋದ ಚರಂಡಿಯು ಈ ಕಚೇರಿಯ ಕ್ಯಾಂಟೀನ್ ಹಿಂದಿನದ್ದು ಎಂದು ಶ್ರೀ ಫಕೀರಪ್ಪನವರು ಗುರುತಿಸಿರುತ್ತಾರೆ. ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ಚರಂಡಿಯು ಎಲ್ಲಿಯದೇ ಆಗಿದ್ದರೂ ಚರಂಡಿಯೇ ಆಗಿದೆ ಎಂಬುದು ದೃಢಪಟ್ಟಿದೆ. ಫೋಟೋಗೂ ಚರಂಡಿಗೂ ವ್ಯತ್ಯಾಸ ಕಂಡುಬಂದಲ್ಲಿ ಫೋಟೋವೇ ಅಂತಿಮ. ಇನ್ನು ಮುಂದೆ ಯಾವುದೇ ನೌಕರರು ಪೂರ್ವಾನುಮತಿಯಿಲ್ಲದೆ ಸ್ಥಳಕ್ಕೆ ಹೋಗಿ ಸ್ಥಳ ಪರಿಶೀಲನೆ ನಡೆಸತಕ್ಕದ್ದಲ್ಲ.

7. ಸ್ಮಾರ್ಟ್‌ಫೋನ್ ಖರೀದಿಸುವವರೆಗೆ ವಾರ್ಷಿಕ ವೇತನ ಬಡ್ತಿಯನ್ನು ತಡೆಹಿಡಿಯಲಾಗುವುದೆಂದು ತಿಳಿಸಿದ್ದಕ್ಕೆ ಶ್ರೀ ಫಕೀರಪ್ಪನವರು ಉಲ್ಲೇಖ (1)ರಲ್ಲಿ ಹೀಗೆ ಉತ್ತರಿಸಿರುತ್ತಾರೆ: "ಆಯಮ್ಮನ ಅಡಗಿ ಮನ್ಯಾಗ ಹಿಮ್ಮಡಿ ಮಟ ನೀರೈತ್ರಿ. ಮಳಿಗಾಲ ಇನ್ನೂ ಪೂರಾ ಹತ್ತಿಲ್ಲ. ಫೋನ್ ಬೇಕಂದ್ರ ನಾಳೇನ ತಗೋತೀನ್ರಿ ಸಾಹೇಬ್ರ, ಮೊದ್ಲ ಆ ಕಲ್ಲು ತೆಗಸ್ರಿ." ಸದರಿ ಮನವಿಯನ್ನು ಸಹಾನುಭೂತಿಯಿಂದ ಪರಿಗಣಿಸಿ, ಫೋನ್ ತೆಗೆದುಕೊಳ್ಳುವ ಭಾಗವನ್ನು ಮಾತ್ರ ಅಂಗೀಕರಿಸಲಾಗಿದೆ. ಏಳು ದಿನಗಳೊಳಗೆ ಖರೀದಿಸಿ, ಹೊಸ ಫೋನಿನಿಂದ ಕ್ಯಾಂಟೀನ್ ಹಿಂದೆ ಹೋಗಿ ಒಂದು ಫೋಟೋ ತೆಗೆದು ಗುಂಪಿಗೆ ಹಾಕತಕ್ಕದ್ದು.

8. ಆ ಫೋಟೋ ಬರುತ್ತದೆಂಬ ನಿರೀಕ್ಷೆಯಲ್ಲಿ, ಶ್ರೀಮತಿ ಗೌರಮ್ಮನವರ ದೂರನ್ನು ಹನ್ನೆರಡನೆಯ ಬಾರಿಗೆ ಬಗೆಹರಿದಿದೆ ಎಂದು ಈ ಮೂಲಕ ಘೋಷಿಸಲಾಗಿದೆ.

ಸಹಿ/-
(ನಿರಂಜನ್)
ಶಾಖಾಧಿಕಾರಿ
ದೂರು ವಿಲೇವಾರಿ ಶಾಖೆ (ಚರಂಡಿ), ಯಲಹಂಕ

ಪ್ರತಿಗಳು:

1. ಮೇಲಧಿಕಾರಿಗಳ ಆಪ್ತ ಶಾಖೆಗೆ, ಮಾಹಿತಿಗಾಗಿ ಮತ್ತು ಕೈಮುಗಿದು.
2. ಶಾಖೆಯ ಎಲ್ಲಾ ಸಿಬ್ಬಂದಿಗೆ, ಗುಂಪಿನ ಮೂಲಕ. ಸಂಜೆ ಐದರೊಳಗೆ ಎಲ್ಲರ ಕೈಗಳೂ ಮುಗಿದಿರತಕ್ಕದ್ದು.
3. ದಾಸ್ತಾನು ವಿಭಾಗಕ್ಕೆ, ಪ್ಲೈವುಡ್ ಮತ್ತು ನೀಲಿ ಪೆನ್ಸಿಲ್ ಬಗ್ಗೆ ಮುಂದಿನ ಕ್ರಮಕ್ಕಾಗಿ.
4. ಶ್ರೀ ಫಕೀರಪ್ಪ, ಪ್ರಥಮ ದರ್ಜೆ ಸಹಾಯಕರು. ಗುಂಪಿನಲ್ಲಿ ಇಲ್ಲದ ಕಾರಣ ಕಾಗದದಲ್ಲಿ.
5. ಶ್ರೀಮತಿ ಗೌರಮ್ಮ, ಅಬ್ಬಿಗೆರೆ. ಇವರ ಬಳಿಯೂ ಕೀಪ್ಯಾಡ್ ಫೋನೇ ಇರುವುದರಿಂದ ಮುದ್ದಾಂ ಮನೆಗೇ ಹೋಗಿ ತಲುಪಿಸತಕ್ಕದ್ದು. ಇದಕ್ಕಾಗಿ ಕಂಡಿಕೆ 6ನ್ನು ಒಂದು ದಿನದ ಮಟ್ಟಿಗೆ ಸಡಿಲಿಸಿ ಶ್ರೀ ಫಕೀರಪ್ಪನವರನ್ನೇ ನಿಯೋಜಿಸಲಾಗಿದೆ. ಹನ್ನೊಂದು ಸ್ಥಳ ಪರಿಶೀಲನೆಗಳ ನಂತರವೂ ಸದರಿ ಮನೆ ಎಲ್ಲಿದೆ ಎಂಬುದು ಈ ಕಚೇರಿಯಲ್ಲಿ ಬೇರಾರಿಗೂ ತಿಳಿದಿರುವುದಿಲ್ಲ.